ಜೀವಿರೋಧಕ ಔಷಧಿ ನಡೆಯುವಾಗ ನಾಯಿಮರಿಗೆ ಭೇದಿಯಾದರೆ ಆಹಾರ ಹೇಗಿರಬೇಕು?

ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟ, ಶಿಡ್ಲಘಟ್ಟದ ಹುಳು ಸಾಕಣೆ ಮನೆ, ಚಿಂತಾಮಣಿಯ ಟೊಮೆಟೊ ಹೊಲ, ಗೌರಿಬಿದನೂರು ಕಡೆಯ ಕುರಿ ದೊಡ್ಡಿ, ಇವುಗಳಲ್ಲಿ ನಾಯಿಯಿಲ್ಲದ ಜಾಗ ವಿರಳ. ರಾತ್ರಿ ಪಂಪ್‌ಸೆಟ್ಟಿನ ಕೇಬಲ್ ಕಾಯುವುದು, ಹಂದಿ ಬಂದರೆ ಬೊಗಳಿ ಎಬ್ಬಿಸುವುದು ಅದರ ಕೆಲಸ. ಹಸುವಿಗೆ ಭೇದಿಯಾದರೆ ಆ ದಿನವೇ ಪಶುವೈದ್ಯರನ್ನು ಕರೆಸುವ ರೈತರು ನಾಯಿಮರಿಗೆ ಅದೇ ಆದಾಗ 'ನಾಳೆ ಸರಿಹೋದೀತು' ಎಂದು ಸುಮ್ಮನಿರುವುದುಂಟು. ಮೂರು ಕಿಲೋ ತೂಕದ ಮರಿಗೆ ಆ ನಾಳೆಯವರೆಗೆ ಕಾಯುವ ಶಕ್ತಿ ಇರುವುದಿಲ್ಲ. ದೇಹ ಚಿಕ್ಕದಾದಷ್ಟೂ ನೀರು ಬೇಗ ಬತ್ತುತ್ತದೆ.

ಎರಡೂವರೆ ತಿಂಗಳ ಮರಿಯೊಂದಕ್ಕೆ ತೋಟದ ಮುಳ್ಳುತಂತಿ ಗೀರಿ ಗಾಯ ಕೀವಾಯಿತೆಂದು ಇಟ್ಟುಕೊಳ್ಳೋಣ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಗಾಯ ತೊಳೆದು, ಏಳು ದಿನಕ್ಕೆ ಆಂಟಿಬಯೋಟಿಕ್ ಎಂದು ಕರೆಯುವ ಜೀವಿರೋಧಕ ಮಾತ್ರೆ ಬರೆದುಕೊಟ್ಟರು. ಎರಡು ದಿನದಲ್ಲಿ ಗಾಯ ಒಣಗತೊಡಗಿತು. ಮೂರನೆಯ ದಿನ ಮರಿ ತೆಳ್ಳಗೆ ಕಕ್ಕತೊಡಗಿತು. ಆಗ ಮನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, 'ಮಾತ್ರೆ ಹೀಟು, ನಿಲ್ಲಿಸಿ ಹಾಲು ಕುಡಿಸಿ, ತಂಪಾಗುತ್ತದೆ' ಎಂಬುದು. ಈ ಒಂದು ಮಾತಿನಲ್ಲಿ ಎರಡು ತಪ್ಪುಗಳಿವೆ. ಮಾತ್ರೆ ಅರ್ಧಕ್ಕೆ ನಿಂತರೆ ಗಾಯ ಮತ್ತೆ ಕೀವಾಗಬಹುದು. ಹಾಲು ಕುಡಿಸಿದರೆ ಭೇದಿ ತಗ್ಗುವುದರ ಬದಲು ಹೆಚ್ಚುತ್ತದೆ.

ಭೇದಿ ಏಕೆ ಆಗುತ್ತದೆ?

ನಾಯಿಯ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಜೀರ್ಣವಾಗದೆ ಉಳಿದ ಆಹಾರವನ್ನು ಹುದುಗಿಸಿ ಕರುಳಿನ ಒಳಪದರಕ್ಕೆ ಪೋಷಣೆ ಒದಗಿಸುವುದು, ಕೆಟ್ಟ ಜೀವಿಗಳಿಗೆ ಜಾಗ ಸಿಗದಂತೆ ತಡೆಯುವುದು ಇವುಗಳ ಕೆಲಸ. ಬಾಯಿಯಿಂದ ಕೊಟ್ಟ ಜೀವಿರೋಧಕಕ್ಕೆ ಗಾಯದಲ್ಲಿರುವ ರೋಗಾಣು ಯಾವುದು, ಕರುಳಿನಲ್ಲಿರುವ ಮಿತ್ರಜೀವಿ ಯಾವುದು ಎಂಬ ಭೇದ ತಿಳಿಯದು. ಕಳೆನಾಶಕ ಗಾಳಿಗೆ ಹಾರಿ ಪಕ್ಕದ ಸಾಲಿನ ಬೆಳೆಯ ಮೇಲೂ ಬಿದ್ದಂತೆ ಅದು ಎರಡನ್ನೂ ಕೊಲ್ಲುತ್ತದೆ. ಹುದುಗುವಿಕೆ ಏರುಪೇರಾಗಿ ನೀರು ಕರುಳಿನಲ್ಲೇ ಉಳಿಯುತ್ತದೆ, ಮಲ ತೆಳ್ಳಗಾಗುತ್ತದೆ. ಕೆಲವು ಔಷಧಿಗಳು ಹೊಟ್ಟೆಯ ಒಳಪದರವನ್ನು ನೇರವಾಗಿ ಕೆರಳಿಸಿ ವಾಂತಿಯನ್ನೂ ಉಂಟುಮಾಡುತ್ತವೆ.

ಮರಿ ಚುರುಕಾಗಿದ್ದು, ಬಾಲ ಆಡಿಸುತ್ತಾ, ಊಟ ಕಂಡರೆ ಎದ್ದು ಬರುತ್ತಿದ್ದರೆ ಇಂತಹ ಭೇದಿ ಸಾಮಾನ್ಯವಾಗಿ ಆಹಾರ ಕ್ರಮದಿಂದಲೇ ಹತೋಟಿಗೆ ಬರುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ಪಶುವೈದ್ಯರಿಗೆ ವಿಷಯ ತಿಳಿಸಬೇಕು. ಅವರು ಪ್ರಮಾಣ ಬದಲಿಸಬಹುದು, ಬೇರೆ ಔಷಧಿ ಕೊಡಬಹುದು, ಇಲ್ಲವೆ ಅದನ್ನೇ ಮುಂದುವರಿಸಲು ಹೇಳಬಹುದು. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಮರಿ ಅದನ್ನು ವಾಂತಿ ಮಾಡಿದರೂ ಕೇಳದೆ ಇನ್ನೊಂದು ಮಾತ್ರೆ ಕೊಡಬಾರದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅಭ್ಯಾಸವೂ ಇದೆ. ಭೇದಿಯಾದ ಕೂಡಲೇ ಮನೆಯಲ್ಲಿ ಉಳಿದಿರುವ ಮನುಷ್ಯರ ಮಾತ್ರೆಯನ್ನು ಅರ್ಧ ಮುರಿದು ಮರಿಗೆ ಹಾಕುವುದು. ಬರಿಯ ಭೇದಿಗೆ ಜೀವಿರೋಧಕ ಬೇಕಿಲ್ಲವೆಂಬುದೇ ಇಂದಿನ ಪಶುವೈದ್ಯರ ನಿಲುವು. ಭೇದಿ ಕಟ್ಟುವ ಮಾತ್ರೆ, ಜ್ವರದ ಪ್ಯಾರಾಸಿಟಮಾಲ್, ನೋವಿನ ಐಬುಪ್ರೊಫೆನ್ ಇವನ್ನಂತೂ ಮುಟ್ಟಲೇಕೂಡದು. ಮನುಷ್ಯರಿಗೆ ಸಣ್ಣ ಪ್ರಮಾಣವೆನಿಸುವುದು ಮೂರು ಕಿಲೋ ಮರಿಗೆ ವಿಷವಾಗಬಲ್ಲದು.

ಹಾಲು ತಂಪಲ್ಲವೇ?

ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗಲು ಕರುಳಿನಲ್ಲಿ ಒಂದು ಕಿಣ್ವ ಬೇಕು. ತಾಯಿಯ ಹಾಲು ಬಿಟ್ಟ ಮೇಲೆ ಮರಿಯಲ್ಲಿ ಈ ಕಿಣ್ವ ಕಡಿಮೆಯಾಗುತ್ತಾ ಹೋಗುತ್ತದೆ. ಭೇದಿಯಿಂದ ಕರುಳಿನ ಒಳಪದರ ಸವೆದಾಗ ಇನ್ನೂ ತಗ್ಗುತ್ತದೆ. ಜೀರ್ಣವಾಗದ ಸಕ್ಕರೆ ತನ್ನೊಡನೆ ನೀರನ್ನು ಸೆಳೆದುಕೊಂಡು ಹೊರಬರುತ್ತದೆ. ಹಸುವಿನ ಹಾಲು ನಾಯಿಯ ಹಾಲಿನಂತಲ್ಲ. ನಾಯಿಯ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು, ಸಕ್ಕರೆ ಮಾತ್ರ ಕಡಿಮೆ.

ಹೈನುಗಾರಿಕೆ ಇರುವ ಮನೆಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೆಚ್ಚಲು ಬಾವಿಗೆ ಚಿಕಿತ್ಸೆ ನಡೆಯುತ್ತಿರುವ ಹಸುವಿನ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಅದನ್ನು ಚೆಲ್ಲಲು ಮನಸ್ಸು ಬಾರದೆ ನಾಯಿಯ ತಟ್ಟೆಗೆ ಸುರಿಯುವುದು ಹಲವೆಡೆ ವಾಡಿಕೆ. ಆ ಹಾಲಿನಲ್ಲಿ ಜೀವಿರೋಧಕದ ಅಂಶ ಇದ್ದೇ ಇರುತ್ತದೆ. ಮರಿಯ ಕರುಳಿಗೆ ಇದು ಮೇಲಿಂದ ಮೇಲೆ ಬಿದ್ದ ಇನ್ನೊಂದು ಪೆಟ್ಟು.

ಮೊದಲು ನೀರು

ಭೇದಿಯಿಂದ ಮರಿ ಸಾಯುವುದು ಬಹುಮಟ್ಟಿಗೆ ನೀರು ಮತ್ತು ಲವಣ ಕಳೆದುಕೊಂಡು. ಆದುದರಿಂದ ಊಟದ ಯೋಚನೆಗೆ ಮೊದಲು ನೀರಿನ ಯೋಚನೆ ಮಾಡಬೇಕು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ಸಾಕು. ಅಂಗಡಿಯ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಮುದ್ರಿಸಿದಷ್ಟೇ ನೀರಿಗೆ ಕದಡಿದರೆ ಇನ್ನೂ ಉತ್ತಮ. ಉಪ್ಪು ಹೆಚ್ಚಾಗಬಾರದು. ಚಮಚದ ಮೇಲೆ ಗೋಪುರ ಮಾಡಿ ಹಾಕಿದ ಉಪ್ಪು ಮರಿಗೆ ಅಪಾಯಕಾರಿ. ಕಲಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು.

ಬಟ್ಟಲು ತುಂಬ ಇಟ್ಟರೆ ಬಾಯಾರಿದ ಮರಿ ಒಂದೇ ಸಲಕ್ಕೆ ಕುಡಿದು ವಾಂತಿ ಮಾಡಿಬಿಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಒಂದು ಟೀ ಚಮಚ, ಸೂಜಿ ತೆಗೆದ ಸಿರಿಂಜಿನಲ್ಲಾದರೆ 5 ಮಿ.ಲೀ., ಕೆನ್ನೆಯ ಪಕ್ಕದಿಂದ ನಿಧಾನವಾಗಿ ಬಿಡಬೇಕು. ತಲೆ ಮೇಲಕ್ಕೆತ್ತಿ ಗಂಟಲಿಗೆ ಹೊಯ್ದರೆ ನೀರು ಶ್ವಾಸಕೋಶಕ್ಕೆ ಹೋಗಿ ಉಸಿರಾಟಕ್ಕೇ ಸಂಚಕಾರ. ಕರುಗಳಿಗೆ ಗೊಟ್ಟದಲ್ಲಿ ಔಷಧಿ ಹಾಕಿ ರೂಢಿಯಿರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಮೂರು ಕಿಲೋ ಮರಿಗೆ ದಿನಕ್ಕೆ ಒಟ್ಟಾರೆ ಕಾಲು ಲೀಟರಿನಷ್ಟು ಒಳಗೆ ಹೋಗುವಂತೆ ನೋಡಿಕೊಳ್ಳಬೇಕು. ಭೇದಿ ಹೆಚ್ಚಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ.

ನೀರು ಬತ್ತಿದೆಯೇ ಎಂದು ತಿಳಿಯಲು ಒಸಡು ಮುಟ್ಟಿ ನೋಡಬೇಕು. ಆರೋಗ್ಯವಂತ ಮರಿಯ ಒಸಡು ನಸುಗೆಂಪಾಗಿ ಜಾರುವಷ್ಟು ಒದ್ದೆ ಇರುತ್ತದೆ. ಒಣಗಿ ಅಂಟಂಟಾಗಿದ್ದು ಕಣ್ಣು ಗುಳಿ ಬಿದ್ದಿದ್ದರೆ ಬಾಯಿಯ ನೀರು ಸಾಲದು, ರಕ್ತನಾಳಕ್ಕೆ ಅಥವಾ ಚರ್ಮದಡಿಗೆ ಲವಣದ ದ್ರಾವಣ ಕೊಡಿಸಬೇಕಾಗುತ್ತದೆ. ಒಸಡು ಬೆಳ್ಳಗಿದ್ದರೆ ರಕ್ತಹೀನತೆಯೆಂದು ಶಂಕಿಸಬೇಕು. ಕೊಕ್ಕೆಹುಳು ಅಥವಾ ಉಣ್ಣೆಗಳ ಬಾಧೆ ಇದಕ್ಕೆ ಕಾರಣವಿರಬಹುದು.

ಊಟ: ಸ್ವಲ್ಪ ಸ್ವಲ್ಪ, ಹಲವು ಬಾರಿ

ಭೇದಿಯಾದ ನಾಯಿಯನ್ನು ಒಂದು ದಿನ ಉಪವಾಸ ಕೆಡವಬೇಕೆಂಬ ಹಿಂದಿನ ಸಲಹೆಯನ್ನು ಈಗ ಕೈಬಿಡಲಾಗಿದೆ. ಕರುಳಿನ ಒಳಪದರಕ್ಕೆ ಪೋಷಣೆಯ ಬಹುಪಾಲು ಅದರೊಳಗೆ ಹಾಯುವ ಆಹಾರದಿಂದಲೇ ದೊರೆಯುತ್ತದೆ. ಊಟವಿಲ್ಲದೆ ಅದು ರಿಪೇರಿಯಾಗುವುದು ತಡ. ಮೂರು ತಿಂಗಳೊಳಗಿನ ಮರಿಗೆ ದೀರ್ಘ ಉಪವಾಸದಿಂದ ರಕ್ತದ ಸಕ್ಕರೆ ಇಳಿದು ತೂಕಡಿಕೆ, ನಡುಕ, ಕೊನೆಗೆ ಫಿಟ್ಸ್ ಕೂಡ ಬರಬಹುದು. ವಾಂತಿಯೂ ಇದ್ದರೆ ಎರಡು ಮೂರು ಗಂಟೆ ಮಾತ್ರ ಹೊಟ್ಟೆಗೆ ವಿರಾಮ ಕೊಟ್ಟು, ನಂತರ ಚಮಚದ ಲೆಕ್ಕದಲ್ಲಿ ಪ್ರಾರಂಭಿಸಬೇಕು.

ಯಾವ ಮನೆಯಲ್ಲಾದರೂ ಮಾಡಬಹುದಾದ ಪಥ್ಯ ಇದು. ಬಿಳಿ ಅಕ್ಕಿಯನ್ನು ಐದಾರು ಪಟ್ಟು ನೀರಿನಲ್ಲಿ ಬೆರಳಿಗೆ ಹಿಸುಕಿದರೆ ಕರಗುವಷ್ಟು ಮೆತ್ತಗೆ ಬೇಯಿಸಬೇಕು. ಚರ್ಮ, ಕೊಬ್ಬು, ಮೂಳೆ ತೆಗೆದ ಕೋಳಿಯ ಎದೆ ಮಾಂಸವನ್ನು ಬರಿ ನೀರಿನಲ್ಲಿ ಬೇಯಿಸಿ ಎಳೆ ಎಳೆಯಾಗಿ ಬಿಡಿಸಬೇಕು. ಎರಡು ಪಾಲು ಅನ್ನಕ್ಕೆ ಒಂದು ಪಾಲು ಮಾಂಸ ಸೇರಿಸಿ ಹಿಸುಕಬೇಕು. ಉಪ್ಪು, ಖಾರ, ಎಣ್ಣೆ, ಒಗ್ಗರಣೆ ಯಾವುದೂ ಬೇಡ. ಮಾಂಸ ಮಾಡದ ಮನೆಗಳಲ್ಲಿ, ಅಭ್ಯಂತರವಿಲ್ಲದಿದ್ದರೆ ಬೇಯಿಸಿದ ಮೊಟ್ಟೆ ಸೇರಿಸಬಹುದು, ಇಲ್ಲವೆ ನೀರು ಚೆನ್ನಾಗಿ ಬಸಿದ ತಾಜಾ ಪನ್ನೀರನ್ನು ಸ್ವಲ್ಪವೇ ಸೇರಿಸಬಹುದು. ಬೇಯಿಸಿ ಹಿಸುಕಿದ ಸಿಹಿಗುಂಬಳ ಒಂದು ಚಮಚ ಬೆರೆಸಿದರೆ ಅದರ ನಾರು ಮಲವನ್ನು ಕಟ್ಟಲು ಸಹಾಯಕ.

ಮೂರು ಕಿಲೋ ಮರಿಗೆ ಮೊದಲ ದಿನ ಒಂದು ಸಲಕ್ಕೆ ಎರಡು ಮೂರು ದೊಡ್ಡ ಚಮಚದಷ್ಟು, ದಿನಕ್ಕೆ ಆರು ಸಲ. ಅಂದರೆ ಬೆಳಗ್ಗೆ ಹಾಲು ಕರೆಯುವ ಹೊತ್ತಿನಿಂದ ರಾತ್ರಿ ಮಲಗುವವರೆಗೆ ಮೂರು ಗಂಟೆಗೊಮ್ಮೆ. ಹಸಿದಿದೆಯೆಂದು ಕನಿಕರಪಟ್ಟು ಒಮ್ಮೆಗೇ ಹೊಟ್ಟೆ ತುಂಬಿಸಿದರೆ ಪಥ್ಯದ ಅನ್ನವೂ ಭೇದಿಯಾಗಿಯೇ ಹೊರಬರುತ್ತದೆ. ಮರಿ ಅದನ್ನು ಅರಗಿಸಿಕೊಂಡರೆ ಎರಡನೆಯ ದಿನದಿಂದ ಪ್ರಮಾಣ ಹೆಚ್ಚಿಸಬಹುದು.

ಮೊಸರಿನ ವಿಷಯ ಬೇರೆ. ಹೆಪ್ಪಾಗುವಾಗ ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಾಗುವುದರಿಂದ ಅನೇಕ ಮರಿಗಳು ಹಾಲು ತಡೆಯದಿದ್ದರೂ ಮೊಸರನ್ನು ತಡೆದುಕೊಳ್ಳುತ್ತವೆ. ಹುಳಿಯಾಗದ ಮೊಸರು ಒಂದೆರಡು ಟೀ ಚಮಚ ಅನ್ನಕ್ಕೆ ಕಲಸಬಹುದು. ಆದರೆ ಮಾತ್ರೆ ಕೊಟ್ಟ ಹೊತ್ತಿಗೇ ಮೊಸರು ಕೊಟ್ಟರೆ ಅದರ ಜೀವಿಗಳನ್ನೂ ಔಷಧಿ ಕೊಲ್ಲುತ್ತದೆ. ಆದುದರಿಂದ ಎರಡು ಗಂಟೆಯಾದರೂ ಅಂತರವಿರಲಿ. ಮೊಸರೇ ಮದ್ದೆಂದು ನಂಬಿ ಕೂರುವಂತಿಲ್ಲ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿದ ಮಜ್ಜಿಗೆಯಂತೂ ಬೇಡ.

ರಾಗಿ ಈ ಸೀಮೆಯ ಮುಖ್ಯ ಆಹಾರವಾದುದರಿಂದ ಮರಿಗೂ ಅದೇ ಮುದ್ದೆ ಬೀಳುವುದು ಸಹಜ. ಭೇದಿಯಿರುವ ಮೊದಲ ಎರಡು ದಿನ ಮುದ್ದೆಯನ್ನು ನಿಲ್ಲಿಸುವುದು ಲೇಸು. ರಾಗಿಯಲ್ಲಿ ನಾರು ಹೆಚ್ಚು, ಸವೆದ ಕರುಳಿಗೆ ಅದು ಭಾರ. ಮಲ ಗಟ್ಟಿಯಾದ ಮೇಲೆ ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ತೆಳುಬಟ್ಟೆಯಲ್ಲಿ ಸೋಸಿ ತೆಳ್ಳಗೆ ಗಂಜಿ ಕಾಯಿಸಿ ಕೊಡಬಹುದು. ಬರಿ ಮುದ್ದೆ ಮಜ್ಜಿಗೆಯಲ್ಲೇ ಬೆಳೆದ ಮರಿಯ ಹೊಟ್ಟೆ ಉಬ್ಬಿ ಬೆನ್ನು ಒಣಗಿರುವುದನ್ನು ಊರೂರಲ್ಲಿ ಕಾಣಬಹುದು. ರಾಗಿಯಲ್ಲಿ ದೋಷವೇನಿಲ್ಲ. ಪ್ರೋಟೀನಿನ ಕೊರತೆ ಮತ್ತು ಜಂತುಹುಳು ಸೇರಿ ಹೀಗಾಗುತ್ತದೆ.

ಮಾತ್ರೆಗೂ ಊಟಕ್ಕೂ ಹೊಂದಾಣಿಕೆ

ಪ್ರತಿಯೊಂದು ಜೀವಿರೋಧಕಕ್ಕೂ ಊಟದೊಡನೆ ಅದರದೇ ಸಂಬಂಧವಿದೆ. ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಮಾತ್ರೆಯನ್ನು ಊಟದೊಡನೆ ಕೊಟ್ಟರೆ ಹೊಟ್ಟೆ ಕೆರಳುವುದು ಕಡಿಮೆ. ಆಂಪಿಸಿಲಿನ್ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹೀರಲ್ಪಡುತ್ತದೆ. ಮೆಟ್ರೊನಿಡಜೋಲ್ ಬಹಳ ಕಹಿ, ಮುರಿದು ಕೊಟ್ಟರೆ ಮರಿ ನೊರೆ ಕಾರುತ್ತದೆ. ಅದನ್ನು ಅನ್ನ ಮತ್ತು ಮಾಂಸದ ಉಂಡೆಯೊಳಗೆ ಅಡಗಿಸುವುದು ಒಳ್ಳೆಯದು.

ಹೆಚ್ಚು ಎಚ್ಚರ ಬೇಕಾದುದು ಟೆಟ್ರಾಸೈಕ್ಲಿನ್ ಗುಂಪಿಗೆ. ಉಣ್ಣೆಯಿಂದ ಹರಡುವ ಜ್ವರಕ್ಕೆ ಇದೇ ಗುಂಪಿನ ಡಾಕ್ಸಿಸೈಕ್ಲಿನನ್ನು ಮೂರು ನಾಲ್ಕು ವಾರಗಳ ಕಾಲ ಬರೆದುಕೊಡುವುದುಂಟು. ಕೊಟ್ಟಿಗೆಯ ಪಕ್ಕದಲ್ಲೇ ಮಲಗುವ ತೋಟದ ನಾಯಿಗಳಿಗೆ ಈ ಜ್ವರ ಅಪರೂಪವಲ್ಲ. ಇಷ್ಟು ದಿನದ ಚಿಕಿತ್ಸೆಯಲ್ಲಿ ಹೊಟ್ಟೆ ಕೆಡದಿದ್ದರೆ ಆಶ್ಚರ್ಯ. ಈ ಔಷಧಿ ಸುಣ್ಣದಂಶದೊಡನೆ ಕೂಡಿಕೊಂಡು ದೇಹಕ್ಕೆ ಸೇರದಂತಾಗುತ್ತದೆ. ಆದುದರಿಂದ ಹಾಲು, ಮೊಸರು, ಪನ್ನೀರಿನೊಡನೆ ಕೊಡಬಾರದು. ರಾಗಿಯಲ್ಲಿಯೂ 100 ಗ್ರಾಮಿಗೆ 340 ಮಿಲಿಗ್ರಾಮಿನಷ್ಟು ಸುಣ್ಣದಂಶವಿದೆ. ಇದು ಹಾಲಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಮಾತ್ರೆಯನ್ನು ಮುದ್ದೆಯ ತುತ್ತಿನಲ್ಲಿ ಅಡಗಿಸಿ ನುಂಗಿಸುವ ಜಾಣತನ ಇಲ್ಲಿ ಬೇಡ. ಅನ್ನ ಮಾಂಸದ ತುತ್ತಿನಲ್ಲಿಟ್ಟು ಕೊಟ್ಟು, ಮೇಲೆ ಎರಡು ಚಮಚ ನೀರು ಹಾಕಬೇಕು. ಡಾಕ್ಸಿಸೈಕ್ಲಿನ್ ಮಾತ್ರೆ ಅನ್ನನಾಳದಲ್ಲಿ ಅಂಟಿ ನಿಂತರೆ ಅಲ್ಲಿ ಹುಣ್ಣಾಗುತ್ತದೆ.

ಔಷಧಿ ಪಡೆಯುವಾಗಲೇ 'ಊಟಕ್ಕೆ ಮುಂಚೆಯೋ, ಊಟದೊಡನೆಯೋ, ಹಾಲು ಮೊಸರು ಆಗುತ್ತದೆಯೋ' ಎಂದು ಕೇಳಿ ಪೊಟ್ಟಣದ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ವಿಸ್ತರಣಾ ಕಾರ್ಯಕರ್ತರೂ ಈ ಅಭ್ಯಾಸವನ್ನು ರೂಢಿಸಬೇಕು.

ತೋಟದಲ್ಲೇ ಇರುವ ಅಪಾಯಗಳು

ಕೆಲವು ವೇಳೆ ಹೊಟ್ಟೆ ಕೆಟ್ಟಿದ್ದಕ್ಕೆ ಕಾರಣ ಮಾತ್ರೆಯಲ್ಲ, ಮರಿ ತೋಟದಲ್ಲಿ ತಿಂದ ಪದಾರ್ಥ. ದ್ರಾಕ್ಷಿ ಕಟಾವಿನ ಕಾಲದಲ್ಲಿ ಉದುರಿದ ಹಣ್ಣನ್ನು ಮರಿ ಆಟವಾಡುತ್ತಾ ತಿನ್ನುತ್ತದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡವನ್ನು ಕೆಡಿಸುತ್ತವೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವೆಂದು 2021ರಿಂದೀಚೆಗೆ ಭಾವಿಸಲಾಗಿದೆ. ಎಷ್ಟು ಹಣ್ಣು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆಯಾಗುವುದರಿಂದ ಯಾವ ಪ್ರಮಾಣವನ್ನೂ ನಿರಪಾಯವೆಂದು ಹೇಳುವಂತಿಲ್ಲ. ಹಣ್ಣು ತಿಂದ ಮರಿ ಕೆಲವು ಗಂಟೆಗಳಲ್ಲಿ ವಾಂತಿ ಮಾಡಿ ಮಂಕಾದರೆ ಅದನ್ನು ಮಾತ್ರೆಯ ಪರಿಣಾಮವೆಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆಯ ನಂತರ ಉಳಿಯುವ ಪ್ಯೂಪ ಹುಳು ನಾಯಿಗಳಿಗೆ ಬಲು ಇಷ್ಟ. ಒಣಗಿಸಿದ ಪ್ಯೂಪದಲ್ಲಿ ಪ್ರೋಟೀನು ಸುಮಾರು ಅರ್ಧದಷ್ಟು, ಎಣ್ಣೆ ಕಾಲು ಭಾಗದಷ್ಟು ಇರುತ್ತದೆ. ಅದು ಕೆಟ್ಟ ಆಹಾರವೇನಲ್ಲ. ಆದರೆ ಬೇಸಿನ್ನಿನಿಂದ ತೆಗೆದ ಒದ್ದೆ ಪ್ಯೂಪ ಬಿಸಿಲಿನಲ್ಲಿ ಬೇಗ ಕೊಳೆಯುತ್ತದೆ, ಒಣಗಿದ್ದು ಹಳೆಯದಾದರೆ ಅದರ ಎಣ್ಣೆ ಕಮಟುತ್ತದೆ. ಹೊಟ್ಟೆ ಕೆಟ್ಟ ಮರಿಯನ್ನು ಆ ರಾಶಿಯಿಂದ ದೂರ ಕಟ್ಟಬೇಕು.

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ. ಹಸುವಿಗಿಂತ ನಾಯಿ ಅದಕ್ಕೆ ಬೇಗ ಬಲಿಯಾಗುತ್ತದೆ, ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ. ಕೋಳಿ ಅಂಗಡಿಯ ಹಸಿ ಕರುಳು, ಬೇಯಿಸಿದ ಮೂಳೆ, ಈರುಳ್ಳಿ ಬೆಳ್ಳುಳ್ಳಿ ಬಿದ್ದ ಬಸ್ಸಾರು, ಕೋಳಿ ಸಾರು ಇವು ಯಾವುವೂ ಮರಿಯ ತಟ್ಟೆಗೆ ಬರಬಾರದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಪಥ್ಯಕ್ಕೆ ನಿಲ್ಲದ ಭೇದಿ

ಮಲದಲ್ಲಿ ರಕ್ತ, ಕೆಟ್ಟ ನಾತ, ಮತ್ತೆ ಮತ್ತೆ ವಾಂತಿ, ನೀರನ್ನೂ ಮುಟ್ಟದೆ ಮೂಲೆ ಸೇರುವುದು, ಇವು ಕಂಡರೆ ಪಾರ್ವೊ ರೋಗವನ್ನು ಶಂಕಿಸಬೇಕು. 1978ರಲ್ಲಿ ಮೊದಲು ಗುರುತಿಸಲ್ಪಟ್ಟ ಈ ವೈರಾಣು ರೋಗ ಎರಡು ವರ್ಷದೊಳಗೆ ಜಗತ್ತಿನ ಹಲವೆಡೆ ಹರಡಿತು. ಲಸಿಕೆ ಹಾಕಿಸದ ಮರಿಗಳನ್ನು ಇಂದಿಗೂ ಅದು ಹೆಚ್ಚಾಗಿ ಕೊಲ್ಲುತ್ತಿದೆ. ಇಲ್ಲಿ ಜೀವಿರೋಧಕ ಕೊಡುವುದು ವೈರಾಣುವನ್ನು ಕೊಲ್ಲಲಿಕ್ಕಲ್ಲ, ಅದು ಸಾಧ್ಯವೂ ಇಲ್ಲ. ಹರಿದ ಕರುಳಿನ ಮೂಲಕ ಬ್ಯಾಕ್ಟೀರಿಯ ರಕ್ತಕ್ಕೆ ಇಳಿಯದಂತೆ ತಡೆಯಲಿಕ್ಕೆ. ಮರಿಯನ್ನು ಉಳಿಸುವುದು ಮುಖ್ಯವಾಗಿ ಗ್ಲೂಕೋಸು ಮತ್ತು ಲವಣದ ಡ್ರಿಪ್. ಮನೆಯಲ್ಲಿ ಗಂಜಿ ಕುಡಿಸುತ್ತಾ ಒಂದು ರಾತ್ರಿ ಕಳೆದರೂ ಕಾಲ ಮೀರಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಬಳ್ಳಾರಿ ರಸ್ತೆಯಲ್ಲೇ ಇರುವ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ಒಯ್ಯಬಹುದು.

ರಕ್ತವಿಲ್ಲದಿದ್ದರೂ ಭೇದಿ ಎರಡು ದಿನ ದಾಟಿದರೆ, ಮೈ ಬಿಸಿ 103 ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ ಅಥವಾ ಮೈ ತಣ್ಣಗಾದರೆ ವೈದ್ಯರಿಗೆ ತೋರಿಸಬೇಕು. ನಾಯಿಯ ಸಹಜ ಶಾಖ 101ರಿಂದ 102.5 ಡಿಗ್ರಿ. ಒಂದು ಹಳೆಯ ಡಬ್ಬಿಯಲ್ಲಿ ಸ್ವಲ್ಪ ಮಲವನ್ನೂ ಮಾತ್ರೆಯ ಪಟ್ಟಿಯನ್ನೂ ಕೊಂಡೊಯ್ದರೆ ಜಂತುಹುಳುವಿನ ಮೊಟ್ಟೆ ಇದೆಯೇ ಎಂದು ಅಲ್ಲೇ ನೋಡುತ್ತಾರೆ.

ಇನ್ನೊಂದು ಎಚ್ಚರಿಕೆ ಮನುಷ್ಯರ ಜೀವಕ್ಕೆ ಸಂಬಂಧಿಸಿದ್ದು. ಮರಿ ಜೊಲ್ಲು ಸುರಿಸುತ್ತಾ ನುಂಗಲಾರದೆ ಇದ್ದರೆ, ಕೆಳದವಡೆ ಜೋತುಬಿದ್ದಿದ್ದರೆ, ಕೂಗು ಬದಲಾಗಿದ್ದರೆ ಬಾಯಿಗೆ ಕೈ ಹಾಕಿ ಏನನ್ನೂ ಕುಡಿಸಬಾರದು. ಇವು ಹುಚ್ಚುನಾಯಿ ರೋಗದ ಲಕ್ಷಣಗಳಿರಬಹುದು. ಎಳೆಯ ಮರಿಗೂ ಅದು ಬರುತ್ತದೆ. ಕಚ್ಚಿದ್ದರೆ, ಪರಚಿದ್ದರೆ, ಅಥವಾ ಜೊಲ್ಲು ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಗುಲಿದ್ದರೆ ಹದಿನೈದು ನಿಮಿಷ ನೀರಿನಲ್ಲಿ, ಗಾಯವಾದರೆ ಸೋಪು ಹಾಕಿ, ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಪ್ರಾರಂಭಿಸಬೇಕು.

ಮರಿ ಮಲಗಿದ್ದ ಜಾಗವನ್ನು ಶುಚಿ ಮಾಡಲು ರೇಷ್ಮೆ ಬೆಳೆಗಾರರು ಹೊಸದೇನನ್ನೂ ಕೊಳ್ಳಬೇಕಿಲ್ಲ. ಹುಳು ಮನೆಗೆ ಸಿಂಪಡಿಸುವ, ಶೇಕಡ 0.3ರ ಸುಣ್ಣದ ತಿಳಿಯಲ್ಲಿ ಕಲಸಿದ ಶೇಕಡ 2ರ ಬ್ಲೀಚಿಂಗ್ ಪುಡಿಯ ದ್ರಾವಣ ಪಾರ್ವೊ ವೈರಾಣುವನ್ನೂ ಕೊಲ್ಲುತ್ತದೆ. ಮೊದಲು ಮಲವನ್ನು ತೆಗೆದು ತೊಳೆದು, ನಂತರ ದ್ರಾವಣ ಹಾಕಿ, ಪೂರ್ತಿ ಒಣಗಿದ ಮೇಲೆ ಮರಿಯನ್ನು ಬಿಡಬೇಕು. ಮಣ್ಣಿನ ನೆಲದಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯುವುದರಿಂದ ಪಾರ್ವೊ ಬಂದುಹೋದ ಮನೆಗೆ ಹೊಸ ಮರಿ ತರುವವರು ಲಸಿಕೆ ಮುಗಿದ ಮರಿಯನ್ನೇ ತರುವುದು ಕ್ಷೇಮ.

ಹಳೆಯ ಆಹಾರಕ್ಕೆ ಮರಳುವುದು

ಮಲ ಗಟ್ಟಿಯಾಗಿ ಎರಡು ದಿನ ಕಳೆದ ಮೇಲೆ ಪಥ್ಯದ ಕಾಲು ಭಾಗ ತೆಗೆದು ಅಷ್ಟೇ ಹಳೆಯ ಆಹಾರ ಸೇರಿಸಬೇಕು. ಮರುದಿನ ಅರ್ಧ, ಅದರ ಮರುದಿನ ಮುಕ್ಕಾಲು. ನಡುವೆ ಮಲ ಮತ್ತೆ ತೆಳ್ಳಗಾದರೆ ಹಿಂದಿನ ಮಟ್ಟಕ್ಕೆ ಇಳಿದು ಇನ್ನೊಂದು ದಿನ ಕಾಯಬೇಕು. ಮಾತ್ರೆ ಇನ್ನೂ ನಡೆಯುತ್ತಿದ್ದರೆ ಅವಸರ ಬೇಡ. ಆದರೆ ಅನ್ನ ಮತ್ತು ಕೋಳಿಮಾಂಸದಲ್ಲಿಯೇ ವಾರಗಟ್ಟಲೆ ಇಡುವುದೂ ಸಲ್ಲದು. ಅದರಲ್ಲಿ ಸುಣ್ಣದಂಶ ತೀರ ಕಡಿಮೆ, ಬೆಳೆಯುವ ಮರಿಯ ಕಾಲು ಸೊಟ್ಟಗಾದೀತು. ಡಾಕ್ಸಿಸೈಕ್ಲಿನ್‌ನಂತೆ ತಿಂಗಳ ಚಿಕಿತ್ಸೆಯಾದರೆ ಮಾತ್ರೆ ಒಂದು ಹೊತ್ತಿಗೆ, ರಾಗಿ ಗಂಜಿ ಮತ್ತು ಮೊಸರು ಅದರಿಂದ ದೂರದ ಇನ್ನೊಂದು ಹೊತ್ತಿಗೆ ಎಂದು ಹಂಚಿಕೊಳ್ಳಬಹುದು.

ಚೇತರಿಸಿಕೊಂಡ ಮರಿಗೆ ಜಂತುಹುಳುವಿನ ಔಷಧಿ ಬಾಕಿ ಇದ್ದರೆ ವೈದ್ಯರನ್ನು ಕೇಳಿ ಕೊಡಿಸಬೇಕು. ಹುಟ್ಟಿದ ಎರಡನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ ಕೊಡುವುದು ಕ್ರಮ. ಪಾರ್ವೊ ಲಸಿಕೆ ಆರರಿಂದ ಎಂಟನೆಯ ವಾರದಲ್ಲಿ ಪ್ರಾರಂಭವಾಗಿ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೆಯ ವಾರದವರೆಗೆ ನಡೆಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳು ತುಂಬಿದಾಗ. ಭೇದಿಯಿರುವ ದಿನಗಳಲ್ಲಿ ಲಸಿಕೆಯ ಸರದಿ ಬಂದರೆ ಮುಂದಿನ ದಿನಾಂಕವನ್ನು ಪಶುವೈದ್ಯರೇ ಗೊತ್ತುಮಾಡಿ ಚೀಟಿಯಲ್ಲಿ ಬರೆದುಕೊಡುತ್ತಾರೆ.